ಎಂಆರ್‌ಐ ಚಿತ್ರದಲ್ಲಿ ಅಳತೆ ತಪ್ಪಿದರೆ

ಪ್ರಶ್ನೆ: ನಮ್ಮದು 1.5 ಟೆಸ್ಲಾ ಯಂತ್ರ. ತಪಾಸಣೆಗೆ ಇಡುವ ಫ್ಯಾಂಟಮ್‌ನ (ದ್ರವ ತುಂಬಿದ ಉರುಟು ಡಬ್ಬಿ) ಒಳವ್ಯಾಸ 190 ಮಿ.ಮೀ. ಚಿತ್ರದಲ್ಲಿ ಎಡದಿಂದ ಬಲಕ್ಕೆ 190 ಬರುತ್ತದೆ, ಮೇಲಿನಿಂದ ಕೆಳಕ್ಕೆ 187. ಇಂಜಿನಿಯರ್ ಬೆಂಗಳೂರಿನಿಂದ ಬರುವ ಮುಂಚೆ ನಾವೇ ಏನಾದರೂ ನೋಡಬಹುದೇ?
— ಎಂಆರ್‌ಐ ಟೆಕ್ನಿಷಿಯನ್, ಕೋಲಾರ

ಉತ್ತರ: ಧಾರಾಳವಾಗಿ. ಫ್ಯಾಂಟಮ್ ವಾಲಿದೆ ಎಂದು ಮಾತ್ರ ಅಂದುಕೊಳ್ಳಬೇಡಿ. ಓರೆಯಾಗಿ ಕೊಯ್ದ ಬಾಳೆದಿಂಡಿನ ಮುಖ ಉದ್ದವಾಗುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ. ಮೇಲ್ತುದಿಯಲ್ಲಿ ಗಾಳಿಗುಳ್ಳೆ ಇದೆಯೇ ನೋಡಿ. ಇದ್ದರೆ ನೀವು ಅಳೆದದ್ದು ದ್ರವವನ್ನು, ಡಬ್ಬಿಯನ್ನಲ್ಲ. ವಿಂಡೋ ಲೆವೆಲ್ಲನ್ನು (ಪರದೆಯ ಕಪ್ಪು-ಬಿಳುಪು ಹೊಂದಿಸುವ ಮಟ್ಟ) ದ್ರವದ ಸಿಗ್ನಲ್‌ನ ಅರ್ಧಕ್ಕೆ ಇಟ್ಟು ಇನ್ನೊಮ್ಮೆ ಅಳೆಯಿರಿ.

ಆಗಲೂ 187 ಬಂದರೆ ಫ್ರೀಕ್ವೆನ್ಸಿ ಮತ್ತು ಫೇಸ್ ದಿಕ್ಕುಗಳನ್ನು (ಚಿತ್ರದ ಅಡ್ಡ, ಉದ್ದ ಸ್ಥಾನಗಳನ್ನು ಯಂತ್ರ ಗುರುತಿಸುವ ಎರಡು ಬಗೆ) ಅದಲುಬದಲು ಮಾಡಿ ಅದೇ ಸ್ಲೈಸ್ (ಪದರದ ಚಿತ್ರ) ತೆಗೆಯಿರಿ. ಕೊರತೆ ಫ್ರೀಕ್ವೆನ್ಸಿಯ ಬೆನ್ನು ಹತ್ತಿ ಅಡ್ಡಕ್ಕೆ ತಿರುಗಿತೋ, ದೋಷ ಮುಖ್ಯ ಕಾಂತಕ್ಷೇತ್ರದ್ದು. ಶಿಮ್ ಮಾಡುವ, ಅಂದರೆ ಕಾಂತಕ್ಷೇತ್ರವನ್ನು ಸಮ ಮಾಡುವ ಮೊದಲು ಬೋರ್‌ನ (ರೋಗಿ ಮಲಗುವ ಸುರಂಗದ) ಒಳಗೋಡೆ, ಟೇಬಲ್ ಸಂದಿ ಹುಡುಕಿ. ಹೂ ಮುಡಿದು ಬಂದವರ ಒಂದು ಹೇರ್‌ಪಿನ್ ಅಂಟಿಕೊಂಡಿದ್ದರೂ ಸಾಕು. ಕೊರತೆ ಕದಲದೆ ಇದ್ದಲ್ಲೇ ಉಳಿಯಿತೋ, ಆ ದಿಕ್ಕಿನ ಗ್ರೇಡಿಯೆಂಟ್ (ಸ್ಥಾನ ಗುರುತಿಸಲು ಸೇರಿಸುವ ಇಳಿಜಾರು ಕಾಂತಕ್ಷೇತ್ರ) ಕ್ಯಾಲಿಬ್ರೇಶನ್ ಮೇಲೆ ಅನುಮಾನ ಪಡಬೇಕು. ಅದು ಇಂಜಿನಿಯರ್ ಕೆಲಸ. ಎರಡೂ ಚಿತ್ರಗಳನ್ನು ಮೊದಲೇ ಕಳಿಸಿ, ಒಂದು ಓಡಾಟ ಉಳಿದೀತು.

ಪ್ರಶ್ನೆ: ಬ್ಯಾಂಡ್‌ವಿಡ್ತ್ (ಪ್ರತಿ ಪಿಕ್ಸೆಲ್‌ಗೆ ಕೊಡುವ ಫ್ರೀಕ್ವೆನ್ಸಿಯ ಹರವು) ಏರಿಸಿದರೆ ಚಿತ್ರದ ಸೊಟ್ಟ ಹೋಗುತ್ತದೆಯೇ?
— ರೇಡಿಯಾಲಜಿ ವಿದ್ಯಾರ್ಥಿ, ತುಮಕೂರು

ಉತ್ತರ: ಕಾಂತಕ್ಷೇತ್ರದ ಏರುಪೇರಿನಿಂದ ಬಂದ ಸೊಟ್ಟವಾದರೆ ಕಡಿಮೆಯಾಗುತ್ತದೆ. 1.5 ಟೆಸ್ಲಾದಲ್ಲಿ ಕೊಬ್ಬು ಮತ್ತು ನೀರಿನ ಸಿಗ್ನಲ್ ಫ್ರೀಕ್ವೆನ್ಸಿಗಳ ನಡುವೆ ಸುಮಾರು 220 ಹರ್ಟ್ಸ್ ಅಂತರ. ಪಿಕ್ಸೆಲ್‌ಗೆ 110 ಹರ್ಟ್ಸ್ ಇಟ್ಟರೆ ಕೊಬ್ಬು ಎರಡು ಪಿಕ್ಸೆಲ್ ಜರುಗುತ್ತದೆ, 440 ಇಟ್ಟರೆ ಅರ್ಧ ಪಿಕ್ಸೆಲ್. ಲೋಹದ ಪ್ಲೇಟ್‌ನ ಅಕ್ಕಪಕ್ಕದ ಜರುಗಾಟಕ್ಕೂ ಇದೇ ಲೆಕ್ಕ. ಆದರೆ ಪ್ರತಿ ಸಲ ದುಪ್ಪಟ್ಟು ಮಾಡಿದಾಗ ಸಿಗ್ನಲ್–ನಾಯ್ಸ್ ಅನುಪಾತ ಸುಮಾರು 30% ಇಳಿಯುತ್ತದೆ. ಆವರೇಜ್ (ಅದೇ ಅಳತೆಯನ್ನು ಮತ್ತೆ ತೆಗೆದು ಸರಾಸರಿ ಮಾಡುವ ಸಂಖ್ಯೆ) ಎರಡಕ್ಕೆ ಏರಿಸಿದರೆ ಅದು ವಾಪಸ್ ಬರುತ್ತದೆ, ಸಮಯವೂ ದುಪ್ಪಟ್ಟಾಗುತ್ತದೆ. ಅಷ್ಟರಲ್ಲಿ ರೋಗಿ ಮಿಸುಕಿದರೆ ಎಲ್ಲ ದಂಡ.

ಬೆನ್ನುಹುರಿಯ ಉದ್ದ ಚಿತ್ರದ ಎರಡು ತುದಿ ಬಾಗುವುದು ಬೇರೆ ಕಥೆ. ಕೇಂದ್ರದಿಂದ ದೂರ ಹೋದಂತೆ ಗ್ರೇಡಿಯೆಂಟ್ ನೇರವಾಗಿರುವುದಿಲ್ಲ. ಅಲ್ಲಿ ಬ್ಯಾಂಡ್‌ವಿಡ್ತ್ ಕೆಲಸಕ್ಕೆ ಬಾರದು. ನೋಡಬೇಕಾದ ಜಾಗವನ್ನೇ ಐಸೊಸೆಂಟರ್‌ಗೆ (ಯಂತ್ರದ ಕೇಂದ್ರಬಿಂದುವಿಗೆ) ತನ್ನಿ, ಡಿಸ್ಟಾರ್ಶನ್ ಕರೆಕ್ಷನ್ ಆನ್ ಮಾಡಿ. 2ಡಿ ಆಯ್ಕೆ ಸ್ಲೈಸ್‌ನೊಳಗಿನದನ್ನಷ್ಟೇ ತಿದ್ದುತ್ತದೆ. ಶಸ್ತ್ರಚಿಕಿತ್ಸೆ ಯೋಜನೆಗಾದರೆ 3ಡಿ ಇರಲಿ.

ಡಿಫ್ಯೂಷನ್ ಇಪಿಐಯಲ್ಲಿ (ನೀರಿನ ಕಣಗಳ ಚಲನೆ ನೋಡುವ ವೇಗದ ಸ್ಕ್ಯಾನ್) ಜರುಗುವುದು ಫೇಸ್ ದಿಕ್ಕಿನಲ್ಲಿ. ಸೈನಸ್‌ನ ಮೇಲುಭಾಗದ ಗೆಡ್ಡೆಯನ್ನು ಆ ಚಿತ್ರದ ಮೇಲೆ ಅಳೆಯಲೇಬೇಡಿ. ಅಳತೆಗೆ 3ಡಿ ಟಿ1 (ಅಂಗರಚನೆ ತೋರಿಸುವ ಸ್ಕ್ಯಾನ್) ತೆಗೆಯಿರಿ.