ಲಿಥಾಪ್ಸ್ ಸುಕ್ಕುಗಟ್ಟಿದರೆ ನೀರು ಹಾಕಬೇಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಲಿಥಾಪ್ಸ್ ಇದೆ; ಒಂದು ಜೋಡಿ ದಪ್ಪ ಎಲೆಯ, ಕಲ್ಲಿನಂತೆ ಕಾಣುವ ಪುಟ್ಟ ಗಿಡ. ಜನವರಿಯಲ್ಲಿ ಎರಡೆಲೆಗಳ ನಡುವಿನ ಸೀಳಿನೊಳಗೆ ಹೊಸ ಎಲೆ ಕಾಣಿಸಿತು, ಹಳೆಯವು ಸುಕ್ಕಾದವು. ಬಾಯಾರಿದೆಯೆಂದು ವಾರಕ್ಕೊಮ್ಮೆ ನೀರು ಹಾಕಿದೆವು. ಈಗ ಹಳೆಯ ಜೋಡಿ ಉಬ್ಬಿ ನಿಂತಿದೆ, ಹೊಸದು ಬೆಳೆಯುತ್ತಿಲ್ಲ. ಹಳೆಯದನ್ನು ಕತ್ತರಿಸಬಹುದೇ?

ಉತ್ತರ: ಕತ್ತರಿಸಬೇಡಿ, ನೀರೂ ಹಾಕಬೇಡಿ. ಲಿಥಾಪ್ಸ್ ವರ್ಷಕ್ಕೊಮ್ಮೆ ಎಲೆ ಬದಲಿಸುತ್ತದೆ. ಒಳಗೆ ಹುಟ್ಟಿದ ಜೋಡಿ ಹಳೆಯ ಜೋಡಿಯ ನೀರನ್ನೂ ಸತ್ವವನ್ನೂ ಹೀರಿ ಬೆಳೆಯುತ್ತದೆ. ಹಳೆಯದು ಒಣಗಿ ಕಾಗದದಂಥ ಸಿಪ್ಪೆಯಾಗುತ್ತದೆ. ನೀವು ಕಂಡ ಸುಕ್ಕು ಆ ಕೆಲಸದ ಗುರುತು. ನಡುವೆ ಬೇರಿಗೆ ನೀರು ಸಿಕ್ಕರೆ ಹಳೆಯ ಎಲೆ ಮತ್ತೆ ತುಂಬಿಕೊಳ್ಳುತ್ತದೆ, ಹೊಸದು ಇಕ್ಕಟ್ಟಿನಲ್ಲಿ ಸಿಕ್ಕಿ ಸೊರಗುತ್ತದೆ. ಹಳೆಯ ಜೋಡಿ ಪೂರ್ತಿ ಒಣಗುವವರೆಗೆ ಕುಂಡವನ್ನು ಒಣಗಿಸಿಯೇ ಇಡಿ. ನಮ್ಮಲ್ಲಿ ಈ ಬದಲಾವಣೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ; ಆದರೂ ಕ್ಯಾಲೆಂಡರ್‌ಗಿಂತ ಗಿಡವನ್ನೇ ನಂಬಿ.

ಎಲೆ ಬದಲಾವಣೆ ಇಲ್ಲದ ಕಾಲದಲ್ಲಿ ಬದಿಗಳು ಸುಕ್ಕಾಗಿ ಗಿಡ ತುಸು ಕುಗ್ಗಿದ್ದು, ಬೆರಳಿಂದ ಒತ್ತಿದರೆ ಸ್ವಲ್ಪ ಮೆತ್ತಗಿದ್ದರೆ ಅದು ನಿಜವಾದ ಬಾಯಾರಿಕೆ. ಕುಂಡದ ತಳದಿಂದ ನೀರು ಇಳಿಯುವಷ್ಟು ಹಾಕಿ. ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ. ಬುಡ ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಲೊಳಲೊಳ ಎನ್ನುವಂತಿದ್ದರೆ ಅದು ಕೊಳೆತ. ಅದಕ್ಕೆ ನೀರು ಮದ್ದಲ್ಲ.

ಈ ಗಿಡದ ತವರು ನಮೀಬಿಯಾ, ದಕ್ಷಿಣ ಆಫ್ರಿಕಾದ ಬರಡು ಕಲ್ಲುನೆಲ. 1811ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಸ್ಕಾ ಬಳಿ ಇಂಗ್ಲಿಷ್ ನಿಸರ್ಗತಜ್ಞ ವಿಲಿಯಂ ಬರ್ಚೆಲ್ ನೆಲದಿಂದ ಎತ್ತಿದ ‘ಬೆಣಚುಕಲ್ಲು’ ಗಿಡವಾಗಿತ್ತು. ಅಲ್ಲಿ ದೇಹದ ಬಹುಭಾಗ ಮಣ್ಣೊಳಗೆ ಹುದುಗಿ, ಎಲೆಯ ನೆತ್ತಿಯಷ್ಟೇ ಹೊರಗಿರುತ್ತದೆ. ನೆತ್ತಿಯ ಅರೆಪಾರದರ್ಶಕ ಕಿಟಕಿಗಳಿಂದ ಬೆಳಕು ಒಳಗಿಳಿಯುತ್ತದೆ. ಬೆಳಕು ಸಾಲದಿದ್ದರೆ ಗಿಡ ಉದ್ದಕ್ಕೆ ಎಳೆಯುತ್ತದೆ. ಎಳೆದದ್ದು ಮತ್ತೆ ಗಿಡ್ಡವಾಗದು, ಮುಂದಿನ ಜೋಡಿಯವರೆಗೆ ಕಾಯಬೇಕು. ಬೆಳಗಿನ ಹೊತ್ತು ನಾಲ್ಕೈದು ತಾಸು ನೇರ ಬಿಸಿಲು ಬೇಕು. ಏಪ್ರಿಲ್‌ನ ಮಧ್ಯಾಹ್ನಕ್ಕೆ ಮಾತ್ರ ಶೇಡ್‌ನೆಟ್ ಕಟ್ಟಿ.

ಪ್ರಶ್ನೆ: ಮಂಗಳೂರಿನ ಮಳೆಗಾಲದಲ್ಲಿ ಉಳಿಸುವುದು ಹೇಗೆ? ಮಣ್ಣಿನ ಮಿಶ್ರಣ ಯಾವುದು?

ಉತ್ತರ: ಜೂನ್‌ಗೆ ಮುಂಚೆಯೇ ಪಾರದರ್ಶಕ ಶೀಟಿನಡಿಗೆ ಸರಿಸಿ. ಸುತ್ತ ಗಾಳಿ ಆಡಲೇಬೇಕು. ಮುಚ್ಚಿದ ಗಾಜಿನ ಪೆಟ್ಟಿಗೆ ಬೇಡ. ಮಿಶ್ರಣಕ್ಕೆ 8 ಪಾಲು ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ 3–4 ಮಿ.ಮೀ. ಇಟ್ಟಿಗೆ ಚೂರು, 2 ಪಾಲು ಜರಡಿ ಹಿಡಿದ ಎಲೆಗೊಬ್ಬರ. ಚೂರನ್ನು ತಿಳಿನೀರು ಬರುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಪುಡಿ ತಳದಲ್ಲಿ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿಯಾದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿಯುತ್ತದೆ. ಕರಾವಳಿಯಲ್ಲಿ ಗಿಡ ಸಾಯುವುದು ಹೆಚ್ಚಾಗಿ ಹೀಗೇ. ತಾಯಿಬೇರು ಇಳಿಯಲು 10–12 ಸೆಂ.ಮೀ. ಆಳದ ಮಣ್ಣಿನ ಕುಂಡ ಬೇಕು. ನೀರು ಹಾಕಿದ ಮೂರ್ನಾಲ್ಕು ದಿನಕ್ಕೆ ಬುಡದವರೆಗೂ ಒಣಗದಿದ್ದರೆ ಮಿಶ್ರಣ ಬದಲಿಸಿ.

ಪ್ರಶ್ನೆ: ಪ್ರತಿವರ್ಷ ಹೂ ಬಿಡುತ್ತದೆ, ಬೀಜ ಕಟ್ಟುವುದಿಲ್ಲ. ಏಕೆ?

ಉತ್ತರ: ತನ್ನದೇ ಪರಾಗದಿಂದ ಲಿಥಾಪ್ಸ್ ಬೀಜ ಕಟ್ಟುವುದು ತೀರ ಅಪರೂಪ. ಬೀಜದಿಂದ ಬೇರೆಯಾಗಿ ಬೆಳೆದ ಅದೇ ಜಾತಿಯ ಇನ್ನೊಂದು ಗಿಡ ಬೇಕು. ಒಂದೇ ಗುಂಪಿನ ಎರಡು ತಲೆಗಳು (ಎಲೆಜೋಡಿಗಳು) ಸಾಲವು. ಹೂ ಅರಳುವುದು ಮಧ್ಯಾಹ್ನದ ನಂತರ. ಆಗ ಮೆತ್ತನೆಯ ಕುಂಚದಿಂದ ಎರಡರ ನಡುವೆ ಪರಾಗ ದಾಟಿಸಿ, ಎರಡು ಮೂರು ದಿನ ಮತ್ತೆ ಮಾಡಿ. ಕಾಯಿ ಬಲಿಯಲು ತಿಂಗಳುಗಳೇ ಬೇಕು. ಒಣಗಿದ ಕಾಯಿಗೆ ನೀರು ತಾಗಿದರೆ ಬಾಯ್ದೆರೆದು ಬೀಜ ಚೆಲ್ಲುತ್ತದೆ, ಹಾಗಾಗಿ ಮೇಲಿಂದ ನೀರು ಬೀಳದಂತೆ ಕಾಯಿರಿ. ಬೀಜ ಬೇಕಾದಾಗ ಕಾಯಿಯನ್ನು ಬಟ್ಟಲು ನೀರಿಗೆ ಹಾಕಿ, ತೆರೆದುಕೊಂಡ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಿ.