ಸ್ಕಿಜೋಫ್ರೇನಿಯಾ ಇರುವ ನನ್ನ ಅಣ್ಣನ ಎಂಆರ್‌ಐನಲ್ಲಿ ವೈಟ್ ಮ್ಯಾಟರ್ ಬದಲಾವಣೆ ಇದೆಯಂತೆ. ಅವನ ಮೆದುಳಿಗೆ ಬೇಗ ವಯಸ್ಸಾಗುತ್ತಿದೆಯಾ?

ಅಣ್ಣನಿಗೆ 43 ವರ್ಷ, ತಲೆನೋವಿಗೆಂದು ತೆಗೆಸಿದ ಎಂಆರ್‌ಐ ರಿಪೋರ್ಟಿನಲ್ಲಿ ವೈಟ್ ಮ್ಯಾಟರ್‌ನಲ್ಲಿ ಕೆಲವು ಚುಕ್ಕೆಗಳಿವೆ ಎಂದು ಬರೆದಿದ್ದಾರೆ, ಇದು ಮಾತ್ರೆಯಿಂದ ಆಗಿದ್ದಾ, ನಿಲ್ಲಿಸಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಮಾತ್ರೆ ಮಾತ್ರ ನಿಲ್ಲಿಸಬೇಡಿ. ನಾನು ಡಾಕ್ಟರ್ ಅಲ್ಲ. ಮೆದುಳಿನ ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ಅಳೆಯುವ ಕೆಲಸ ನನ್ನದು. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದ ಹೇಳುತ್ತೇನೆ.

ನರತಂತುಗಳಿಗೆ ಕರೆಂಟ್ ವೈರಿನ ಹಾಗೆ ಒಂದು ಹೊದಿಕೆ ಇರುತ್ತೆ. ಅದು ಮಯಲಿನ್ ಎಂಬ ಕೊಬ್ಬಿನ ಪದರ. ಇಂಥ ತಂತುಗಳ ಕಟ್ಟುಗಳೇ ವೈಟ್ ಮ್ಯಾಟರ್. ಅಲ್ಲಿ ನೀರಿನ ಕಣಗಳು ತಂತುವಿನ ಉದ್ದಕ್ಕೆ ಸಲೀಸಾಗಿ ಚಲಿಸುತ್ತವೆ, ಅಡ್ಡಕ್ಕೆ ಅಷ್ಟು ಸುಲಭವಲ್ಲ. ಡಿಟಿಐ ಎಂಬ ವಿಶೇಷ ಸ್ಕ್ಯಾನ್ ಆ ವ್ಯತ್ಯಾಸವನ್ನು 0ಯಿಂದ 1ರ ನಡುವಿನ ಒಂದು ಸಂಖ್ಯೆಯಾಗಿ ಕೊಡುತ್ತೆ. ಅದಕ್ಕೆ ಎಫ್‌ಎ ಅಂತೀವಿ. ಅದು ಕಡಿಮೆಯಾದರೆ ತಂತುಗಳ ಕಟ್ಟು ಅಷ್ಟು ಅಚ್ಚುಕಟ್ಟಾಗಿ ಇಲ್ಲದಿರಬಹುದು ಎಂಬ ಸೂಚನೆ. ಪರದೆಯ ಮೇಲೆ ಎಡ-ಬಲ ಹೋಗುವ ತಂತುಗಳು ಕೆಂಪು, ಹಿಂದೆ-ಮುಂದೆ ಹೋಗುವವು ಹಸಿರು, ಮೇಲೆ-ಕೆಳಗೆ ಹೋಗುವವು ನೀಲಿ. ಮೆದುಳಿನ ಎರಡೂ ಭಾಗಗಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್ ನಟ್ಟನಡುವೆ ಕೆಂಪಗೆ ಎದ್ದು ಕಾಣುತ್ತೆ. ಸ್ಕಿಜೋಫ್ರೇನಿಯಾ ಇರುವವರದ್ದು, ಇಲ್ಲದವರದ್ದು ಎರಡೂ ಚಿತ್ರ ಪಕ್ಕಪಕ್ಕ ಇಟ್ಟರೆ ಯಾವುದು ಯಾರದ್ದು ಅಂತ ನನಗೂ ಹೇಳಲಾಗದು. ಕಾಯಿಲೆ ಇರುವವರಲ್ಲಿ ಎಫ್‌ಎ ಸರಾಸರಿಯಲ್ಲಿ ಕಡಿಮೆ, ಆದರೆ ವ್ಯತ್ಯಾಸ ಅಷ್ಟು ಸಣ್ಣದು. ನೂರಾರು ಜನರ ಸರಾಸರಿ ತೆಗೆದಾಗಲೇ ಅದು ಕಾಣುವುದು.

ಹಾಗಾಗಿ ನಿಮ್ಮ ಅಣ್ಣನ ರಿಪೋರ್ಟಿನ ಚುಕ್ಕೆಗಳೇ ಬೇರೆ, ಸ್ಕಿಜೋಫ್ರೇನಿಯಾದಲ್ಲಿ ಕಡಿಮೆಯಾಗುವ ಎಫ್‌ಎಯೇ ಬೇರೆ. ಮಾಮೂಲಿ ಎಂಆರ್‌ಐನಲ್ಲಿ ಬೆಳ್ಳಗೆ ಕಾಣುವ ಚುಕ್ಕೆಗಳು ಹೆಚ್ಚಾಗಿ ಸಣ್ಣ ರಕ್ತನಾಳಗಳಿಗೆ ಸಂಬಂಧಿಸಿದವು. ಬಿಪಿ, ಶುಗರ್, ಸಿಗರೇಟು, ಮೈಗ್ರೇನ್, ವಯಸ್ಸು, ಇವೆಲ್ಲ ಕಾರಣ ಆಗಬಹುದು. ಮಾನಸಿಕ ಕಾಯಿಲೆಯೇ ಇಲ್ಲದ ಎಷ್ಟೋ ಜನರಿಗೂ ಈ ವಯಸ್ಸಿಗೆ ಒಂದೆರಡು ಇರುತ್ತವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹೌದು, ಸರಾಸರಿಯಲ್ಲಿ ವೈಟ್ ಮ್ಯಾಟರ್ ಸ್ವಲ್ಪ ಬೇಗ ಸವೆಯುವಂತೆ ಕಾಣುತ್ತೆ. 2017ರಲ್ಲಿ ಬಂದ, 20ರಿಂದ 65 ವರ್ಷದವರ ಮೇಲಿನ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಸುಮಾರು 35ರ ನಂತರ ರೋಗಿಗಳ ಎಫ್‌ಎ ಬೇರೆಯವರಿಗಿಂತ ಜಾಸ್ತಿ ವೇಗವಾಗಿ ಇಳಿದಂತೆ ಕಂಡಿತು. ಆದರೆ ಅದು ಬೇರೆಬೇರೆ ವಯಸ್ಸಿನ ಬೇರೆಬೇರೆ ಜನರನ್ನು ಹೋಲಿಸಿದ್ದು. ಒಬ್ಬರನ್ನೇ ಮೂವತ್ತು ವರ್ಷ ಹಿಂಬಾಲಿಸಿ ನೋಡಿದ್ದಲ್ಲ. ಈ ಕಾಯಿಲೆ ಇರುವವರಲ್ಲಿ ಶುಗರ್, ಧೂಮಪಾನ ಎರಡೂ ಜಾಸ್ತಿ, ಅವೂ ವೈಟ್ ಮ್ಯಾಟರ್‌ಗೆ ಪೆಟ್ಟು ಕೊಡುತ್ತವೆ. ಎಷ್ಟು ಭಾಗ ಕಾಯಿಲೆಯದ್ದು, ಎಷ್ಟು ಇವುಗಳದ್ದು ಎಂದು ಬಿಡಿಸುವುದು ಕಷ್ಟ.

ಮಾತ್ರೆಯ ವಿಷಯ. 2018ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 1,963 ರೋಗಿಗಳನ್ನೂ ಕಾಯಿಲೆ ಇಲ್ಲದ 2,359 ಜನರನ್ನೂ ಹೋಲಿಸಿತು. ನೋಡಿದ 25 ಜಾಗಗಳಲ್ಲಿ 20ರಲ್ಲಿ ಎಫ್‌ಎ ಕಡಿಮೆ ಇತ್ತು. ಆದರೆ ಮಾತ್ರೆಯ ಡೋಸ್‌ಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಒಂದು ಮಾತ್ರೆಯನ್ನೂ ತೆಗೆದುಕೊಳ್ಳದ ಹೊಸ ರೋಗಿಗಳಲ್ಲೂ ಇಂಥ ವ್ಯತ್ಯಾಸ ಕಂಡುಬಂದಿದೆ. ಕೆಲವು ಮಾತ್ರೆಗಳಿಂದ ತೂಕ, ಶುಗರ್ ಏರುವುದು ಮಾತ್ರ ನಿಜ. ಅದನ್ನು ಡಾಕ್ಟರ ಜೊತೆ ಕೂತು ಮಾತಾಡಬೇಕು. ನಾವೇ ಸುಮ್ನೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ, ಆಗ ಕಳೆದುಕೊಳ್ಳುವುದು ತುಂಬಾ ದೊಡ್ಡದು.

ನಿಮ್ಮ ಜಾಗದಲ್ಲಿದ್ದರೆ ನಾನು ಈ ವಾರವೇ ಅಣ್ಣನ ಬಿಪಿ ನೋಡಿಸಿ, ಶುಗರ್, ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸುತ್ತಿದ್ದೆ. ಮನೋರೋಗ ಇದೆ ಅಂದಕೂಡಲೇ ಮೈಯ ಕಾಯಿಲೆಯನ್ನು ಎಲ್ಲರೂ ಮರೆತುಬಿಡುತ್ತಾರೆ. ನನಗೆ ತುಂಬಾ ನೋವಾಗುವುದು ಅಲ್ಲೇ. ಅವರು ಬೀಡಿ ಸಿಗರೇಟು ಸೇದುತ್ತಿದ್ದು ಬಿಡುವುದಾದರೆ ಮೊದಲು ಡಾಕ್ಟರಿಗೆ ಹೇಳಿ. ಕ್ಲೋಜಪೈನ್ ಅಥವಾ ಒಲಾಂಜಪೈನ್ ತಗೊಳ್ಳುವವರು ಧೂಮಪಾನ ಬಿಟ್ಟಾಗ ರಕ್ತದಲ್ಲಿ ಆ ಮಾತ್ರೆಯ ಮಟ್ಟ ಏರುತ್ತೆ, ಡೋಸ್ ಬದಲಿಸಬೇಕಾಗಬಹುದು.

ಮರೆವು ಜಾಸ್ತಿಯಾಗಿದೆ ಅಂತಲೂ ಬರೆದಿದ್ದೀರಿ. ಕೈ ನಡುಕಕ್ಕೆ ಪೆಸಿಟೇನ್ ಕೊಟ್ಟಿದ್ದಾರಾ, ಚೀಟಿ ನೋಡಿ. ಅದು ಬಾಯಿ ಒಣಗಿಸುತ್ತೆ, ನೆನಪಿನ ಶಕ್ತಿಯನ್ನೂ ಕುಗ್ಗಿಸುತ್ತೆ. ಎಷ್ಟೋ ಸಲ ಅಗತ್ಯ ಮುಗಿದ ಮೇಲೂ ಚೀಟಿಯಲ್ಲಿ ಉಳಿದುಬಿಡುತ್ತೆ. ಅದನ್ನೂ ನೀವೇ ನಿಲ್ಲಿಸಬೇಡಿ, ಇನ್ನೂ ಬೇಕಾ ಎಂದು ಕೇಳಿ. ಬಿ12, ಥೈರಾಯ್ಡ್ ಟೆಸ್ಟ್ ಕೂಡ ಮಾಡಿಸಿ. ಊರಲ್ಲಿ ಮನೋವೈದ್ಯರು ಸಿಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.