ಅಮೆರಿಕದ ಕಪ್ಪು ಯುವಕರಿಗೆ ಹಿರಿಯರಿಂದ ನಿಜಕ್ಕೂ ಏನಾಗಬೇಕು?

ಅಮೆರಿಕದ ಕಪ್ಪು ಸಮುದಾಯದಲ್ಲಿ ಯಾವ ಹುಡುಗ ದಾರಿ ತಪ್ಪಿದರೂ "ಹಿರಿಯರು ಬುದ್ಧಿ ಹೇಳಬೇಕಿತ್ತು" ಅನ್ನುತ್ತಾರಲ್ಲ, ಹಿರಿಯರ ಹೊಣೆ ಅಷ್ಟೇನಾ ಅಂತ ನೀವು ಕೇಳಿದ್ದೀರಿ.

ನಾನು ಅಟ್ಲಾಂಟಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಆರು ವರ್ಷದಿಂದ ಪ್ರತಿ ಶನಿವಾರ ಇಲ್ಲಿನ ಒಂದು ಕಪ್ಪು ಚರ್ಚಿನಲ್ಲಿ ಹೈಸ್ಕೂಲು ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ. ಹೊರಗಿನವಳು, ಕಂಡಷ್ಟನ್ನು ಹೇಳುತ್ತೇನೆ.

ಬುದ್ಧಿಮಾತಿಗೆ ಈ ಹುಡುಗರಿಗೆ ಬರವೇ ಇಲ್ಲ. ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ, ಜೇಬಿಗೆ ಕೈ ಹಾಕುವ ಮುಂಚೆ ಹೇಳಿ ಹಾಕು ಅಂತ ಮೀಸೆ ಮೂಡುವ ಮೊದಲೇ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅದಕ್ಕೆ ಇಲ್ಲಿ "ದ ಟಾಕ್" ಅಂತಲೇ ಹೆಸರು. ಕಪ್ಪು ಅಪ್ಪಂದಿರು ಮಕ್ಕಳನ್ನು ನೋಡಿಕೊಳ್ಳುವುದಿಲ್ಲ ಅನ್ನುವ ಮಾತನ್ನೂ ನಂಬಬೇಡಿ. ಮಕ್ಕಳ ಜೊತೆ ಒಂದೇ ಮನೆಯಲ್ಲಿರುವ ಕಪ್ಪು ಅಪ್ಪಂದಿರು ಸ್ನಾನ, ಹೋಂವರ್ಕು ಇಂಥವುಗಳಲ್ಲಿ ಬೇರೆಯವರಿಗಿಂತ ಹಿಂದಿಲ್ಲ ಅಂತ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ 2013ರ ವರದಿಯೇ ಹೇಳುತ್ತದೆ.

ಈ ಹುಡುಗರಿಗೆ ಬೇಕಾದದ್ದು ಬೇರೆ. ತಾನು ಸಂಪಾದಿಸಿದ ಹೆಸರನ್ನು ಅವರಿಗಾಗಿ ಪಣಕ್ಕಿಟ್ಟು, ಬೆನ್ನಿಗೆ ನಿಲ್ಲುವ ಹಿರಿಯ. ನನಗೆ ಇದು ಅರ್ಥವಾದದ್ದು ಬೆಂಜಮಿನ್ ಮೇಸ್ ಅವರ ಬದುಕನ್ನು ಓದಿದ ಮೇಲೆ. 1894ರಲ್ಲಿ ಸೌತ್ ಕೆರೊಲಿನಾದಲ್ಲಿ, ಗುಲಾಮರಾಗಿ ಹುಟ್ಟಿ ಬಿಡುಗಡೆ ಕಂಡ ತಂದೆತಾಯಿಗೆ ಹುಟ್ಟಿದವರು. ಬಿಳಿಯರ ಗುಂಪೊಂದು ಅಪ್ಪನ ಟೋಪಿ ತೆಗೆಸಿ ತಲೆಬಾಗಿಸಿದ್ದೇ ಅವರ ಮೊದಲ ನೆನಪು. 1940ರಿಂದ 1967ರವರೆಗೆ ಇದೇ ಅಟ್ಲಾಂಟಾದಲ್ಲಿ ಕಪ್ಪು ಯುವಕರ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದರು. ನಮಗೂ ಅವರಿಗೂ ಒಂದು ನಂಟಿದೆ. 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಅವರು ನಮ್ಮ ಮೈಸೂರಿಗೇ ಬಂದಿದ್ದರು. ಆಗ ಅಸ್ಪೃಶ್ಯರೆಂದು ಕರೆಸಿಕೊಳ್ಳುತ್ತಿದ್ದ ಮಕ್ಕಳ ಶಾಲೆಯೊಂದಕ್ಕೆ ಅವರನ್ನು ಕರೆದರು. "ಇವರೂ ಅಸ್ಪೃಶ್ಯರೇ, ನೋಡಿ ಎಷ್ಟು ಮೇಲೆ ಬಂದಿದ್ದಾರೆ" ಅನ್ನುವ ಅರ್ಥದಲ್ಲಿ ಹೆಡ್‌ಮಾಸ್ತರರು ಮಕ್ಕಳಿಗೆ ಪರಿಚಯಿಸಿದರಂತೆ. ಮೇಸ್ ಅವರಿಗೆ ಮೊದಲು ಸಿಟ್ಟು ಬಂತು. ಆಮೇಲೆ, ತನ್ನ ದೇಶದಲ್ಲಿ ತಾನೂ ಅದೇ ಅಲ್ಲವೇ ಅನ್ನಿಸಿತು. ಆ ಹೆಡ್‌ಮಾಸ್ತರರ ಹೆಸರು ಗೊತ್ತಿದ್ದರೆ ಇಲ್ಲಿ ಬರೆಯುತ್ತಿದ್ದೆ. ಮಕ್ಕಳಿಗೆ ಏನನ್ನು ಕಣ್ಣಾರೆ ತೋರಿಸಬೇಕು ಅಂತ ಅವರಿಗೆ ತಿಳಿದಿತ್ತು.

1944ರಲ್ಲಿ ಹದಿನೈದು ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಮೋರ್‌ಹೌಸ್ ಸೇರಿದ. ಮಂಗಳವಾರದ ಪ್ರಾರ್ಥನಾ ಸಭೆಯಲ್ಲಿ ಮೇಸ್ ಮಾತಾಡಿದ್ದನ್ನು ಹಿಡಿದುಕೊಂಡು ಅವರ ಆಫೀಸಿನವರೆಗೂ ಹೋಗಿ ವಾದ ಮಾಡುತ್ತಿದ್ದ. ಅಧ್ಯಕ್ಷರು ಬಾಗಿಲು ಹಾಕಿಕೊಳ್ಳಲಿಲ್ಲ. ಆದರೆ ನಿಜವಾದ ಪರೀಕ್ಷೆ ಬಂದದ್ದು 1956ರ ಫೆಬ್ರವರಿಯಲ್ಲಿ. ಅಲಬಾಮಾದ ಮಾಂಟ್ಗೊಮೆರಿಯಲ್ಲಿ, ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ ಕಿಂಗ್ ಮುಂದಾಳತ್ವದಲ್ಲಿ ಬಸ್ ಬಹಿಷ್ಕಾರ ನಡೆಯುತ್ತಿತ್ತು. ಆಗ ಅಟ್ಲಾಂಟಾದಲ್ಲಿದ್ದ ಕಿಂಗ್ ಅಲ್ಲಿಗೆ ವಾಪಸು ಹೋದರೆ ಬಂಧನ ಖಂಡಿತ. ಅಲ್ಲಿನ ಅವನ ಮನೆಗೇ ಬಾಂಬು ಬಿದ್ದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಅಪ್ಪ ಅಟ್ಲಾಂಟಾದ ದೊಡ್ಡ ಮನುಷ್ಯರನ್ನೆಲ್ಲ ಮನೆಗೆ ಕರೆಸಿ, ಹೋಗಬೇಡ ಅಂತ ಇವನಿಗೆ ಹೇಳಿ ಅಂದರು. ಕೆಲವರು ಅದಕ್ಕೆ ಹೂಂ ಅಂದರು. ಇಪ್ಪತ್ತೇಳರ ಕಿಂಗ್ ಹೋಗಿಯೇ ತೀರುತ್ತೇನೆ ಅಂದ. ಅಪ್ಪ ಅತ್ತುಬಿಟ್ಟರು. ಆಗ ಕಿಂಗ್ ಮೇಸ್ ಅವರ ಮುಖ ನೋಡಿದ. ಮೇಸ್ ಅವನ ಪರವಾಗಿ ಗಟ್ಟಿಯಾಗಿ ಮಾತಾಡಿದರು. ಸಭೆಯೇ ತಿರುಗಿತು. ಹುಡುಗನ ಜೀವಕ್ಕೆ ಅಪಾಯವಿದೆ ಅಂತ ಗೊತ್ತಿದ್ದೂ ಅವನ ಪರ ನಿಲ್ಲುವುದು ಎಂಥ ಭಾರ, ಯೋಚಿಸಿ. 1968ರ ಏಪ್ರಿಲ್ 9ರಂದು ಮೋರ್‌ಹೌಸ್ ಅಂಗಳದಲ್ಲಿ ಆ ಹುಡುಗನ ಶವಪೆಟ್ಟಿಗೆಯ ಮುಂದೆ ನಿಂತು ಮಾತಾಡಿದವರೂ ಅವರೇ. ತೀರಿಹೋದ ಮಗನ ಬಗ್ಗೆ ಮಾತಾಡಿದ ಹಾಗಾಗುತ್ತಿದೆ ಅಂದರು.

ಎಲ್ಲ ಹಿರಿಯರೂ ಕಾಲೇಜು ಅಧ್ಯಕ್ಷರಲ್ಲ, ನಿಜ. ಫಿಲಡೆಲ್ಫಿಯಾದ ಕಪ್ಪು ಬೀದಿಗಳಲ್ಲಿ ಇಂಥ ಹಿರಿಯನಿಗೆ "ಓಲ್ಡ್ ಹೆಡ್" ಅನ್ನುತ್ತಾರೆ. ಎಲೈಜಾ ಆಂಡರ್ಸನ್ ಎಂಬ ಸಮಾಜಶಾಸ್ತ್ರಜ್ಞರು ಅಲ್ಲಿ ವರ್ಷಗಟ್ಟಲೆ ಓಡಾಡಿ ಕಂಡದ್ದು ಇದು: ಫ್ಯಾಕ್ಟರಿಗಳು ಇದ್ದಾಗ ಓಲ್ಡ್ ಹೆಡ್ ಹೇಳಿದ ಮಾತಿಗೆ ತೂಕವಿತ್ತು, ಹೇಳಿದಂತೆ ನಡೆದ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಫ್ಯಾಕ್ಟರಿ ಮುಚ್ಚಿದ ಮೇಲೆ ಬರೀ ಮಾತು ಉಳಿಯಿತು. ಹಾಗಾಗಿ ಹಿರಿಯರನ್ನಷ್ಟೇ ದೂರುವವರ ಮೇಲೆ ನನಗೆ ಬೇಸರ.

ಷಿಕಾಗೋದ ಶಾಲೆಗಳಲ್ಲಿ "ಬಿಕಮಿಂಗ್ ಎ ಮ್ಯಾನ್" ಅನ್ನುವ ಕಾರ್ಯಕ್ರಮವಿದೆ. ಹುಡುಗರು ವಾರಕ್ಕೊಮ್ಮೆ ಒಬ್ಬ ಹಿರಿಯರ ಜೊತೆ ಸುತ್ತ ಕೂತು ಮಾತಾಡುತ್ತಾರೆ. ಅದು ನಡೆಯುವಷ್ಟು ದಿನ ಹೊಡೆದಾಟದ ಕೇಸುಗಳಲ್ಲಿ ಬಂಧನ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಅಂತ ಅಧ್ಯಯನದಲ್ಲಿ ಕಂಡಿತು. ಮುಗಿದ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಹಿರಿಯರು ಜೊತೆಗೇ ಇರಬೇಕು.

ಜೊತೆಗಿರುವುದು ಅಂದರೆ ಏನು ಅಂತ ನಾನು ನೋಡಿದ್ದು ಹೋದ ವರ್ಷ. ನಮ್ಮ ಶನಿವಾರದ ಹುಡುಗನೊಬ್ಬ, ಹತ್ತೊಂಬತ್ತು ವರ್ಷ, ಇನ್ಶೂರೆನ್ಸ್ ಇಲ್ಲದೆ ಕಾರು ಓಡಿಸಿ ಸಿಕ್ಕಿಬಿದ್ದ. ಚರ್ಚಿನಲ್ಲಿ ಒಬ್ಬರು ಹಿರಿಯರಿದ್ದಾರೆ, ಬಸ್ ಓಡಿಸಿ ನಿವೃತ್ತರಾದವರು. ಎಲ್ಲರೂ ಡೀಕನ್, ಅಂದರೆ ಚರ್ಚಿನ ಸೇವೆಯ ಹೊಣೆ ಹೊತ್ತವರು, ಅನ್ನುತ್ತಾರೆ. ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು, ಹಾಗಾಗಿ ಇಬ್ಬರನ್ನೂ ಕೋರ್ಟಿಗೆ ನಾನೇ ಕರೆದುಕೊಂಡು ಹೋದೆ. ಡೀಕನ್ ಭಾನುವಾರದ ಸೂಟು ಹಾಕಿಕೊಂಡು ಬಂದಿದ್ದರು. ಮೂರು ಗಂಟೆ ಕಾದೆವು. ಅಷ್ಟು ಹೊತ್ತೂ ಅವರು ಹುಡುಗನಿಗೆ ಒಂದೇ ಒಂದು ಬುದ್ಧಿಮಾತು ಹೇಳಲಿಲ್ಲ. ಹಸಿವಾಗುತ್ತಾ ಅಂತ ಕೇಳಿ ಜೇಬಿನಿಂದ ಕಡಲೆಬೀಜದ ಪೊಟ್ಟಣ ಕೊಟ್ಟರು. ಹೆಸರು ಕೂಗಿದಾಗ ಜಡ್ಜ್, ನಿನ್ನ ಜೊತೆ ಯಾರಾದರೂ ಬಂದಿದ್ದಾರಾ ಅಂದರು. ಹುಡುಗ ಹಿಂದಕ್ಕೆ ತಿರುಗುವಷ್ಟರಲ್ಲಿ ಡೀಕನ್ ಬೆಂಚು ಹಿಡಿದು ಎದ್ದು ನಿಂತಾಗಿತ್ತು. ದಂಡ ಕಟ್ಟುವುದಕ್ಕೆ ಕಾಲಾವಕಾಶ ಸಿಕ್ಕಿತು.

ಮುಂದಿನ ವಾರ ಡೀಕನ್ ತಮ್ಮ ಪರಿಚಯದ ಎಸಿ ರಿಪೇರಿಯವರ ಹತ್ತಿರ ಹೋಗಿ, ಇವನನ್ನು ಇಟ್ಟುಕೋ, ಕೈಕೊಟ್ಟರೆ ನನ್ನನ್ನು ಕೇಳು ಅಂದರು. ಮೊದಲ ತಿಂಗಳು ದಿನಾ ಬೆಳಿಗ್ಗೆ ಐದೂವರೆಗೆ ಹುಡುಗನಿಗೆ ಫೋನು ಮಾಡಿ "ಎದ್ದೆಯಾ?" ಅಂತಷ್ಟೇ ಕೇಳುತ್ತಿದ್ದರು. ಈಗ ಸೋಮವಾರ ಮಾತ್ರ ಮಾಡುತ್ತಾರೆ.